ಟರ್ನಿಟಿನ್ ಪರ್ಸೆಂಟೂ, 'ಅವರ ಸಂಸ್ಕೃತಿಯೇ ಹಾಗೆ' ಅನ್ನೋ ಮಾತೂ

ನವೆಂಬರ್ ಕೊನೆಯ ವಾರ ಬಂತು ಅಂದರೆ ನನ್ನ ಫೋನಿಗೆ ಕನ್ನಡ ಮೆಸೇಜ್‌ಗಳು ಜಾಸ್ತಿಯಾಗುತ್ತವೆ. "ಅಕ್ಕ, ಟರ್ನಿಟಿನ್ 34 ಪರ್ಸೆಂಟ್ ತೋರಿಸ್ತಿದೆ, ಫೇಲ್ ಮಾಡ್ತಾರಾ?" "ಅಕ್ಕ, ಮಿಸ್‌ಕಂಡಕ್ಟ್ ಅಂತ ಲೆಟರ್ ಬಂದಿದೆ, ವೀಸಾಕ್ಕೆ ತೊಂದರೆ ಆಗುತ್ತಾ?" "ಅಕ್ಕ, ಮನೇಲಿ ಇನ್ನೂ ಹೇಳಿಲ್ಲ." ಟರ್ನಿಟಿನ್ ಅಂದರೆ ಬರೆದದ್ದು ಬೇರೆ ಬರಹಗಳಿಗೆ ಎಷ್ಟು ಹೊಂದುತ್ತದೆ ಅಂತ ಹುಡುಕುವ ಸಾಫ್ಟ್‌ವೇರ್. ಲೆಟರ್ ಅಂದರೆ ಕೃತಿಚೌರ್ಯದಂಥ ತಪ್ಪಿನ, ಅಂದರೆ ಇನ್ನೊಬ್ಬರ ಬರಹವನ್ನು ತನ್ನದು ಅಂತ ಕೊಟ್ಟ ಥರದ ತಪ್ಪಿನ, ಅನುಮಾನ ಇದೆ ಅಂತ ಯೂನಿವರ್ಸಿಟಿ ಕಳಿಸುವ ಪತ್ರ. ಇಂಗ್ಲೆಂಡಿನ ಒಂದು ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಓದಲು ಬಂದವರಿಗೆ ಅಸೈನ್‌ಮೆಂಟ್ ಬರೆಯೋದು ಹೇಗೆ ಅಂತ ಕಲಿಸೋದು ನನ್ನ ಕೆಲಸ. ಕನ್ನಡದವಳು ಅಂತ ಗೊತ್ತಾದ ಮೇಲೆ ಬೇರೆ ಊರಿನ ಯೂನಿವರ್ಸಿಟಿಗಳಲ್ಲಿ ಓದುವ ನಮ್ಮ ಹುಡುಗರೂ ಹೇಗೋ ನಂಬರ್ ಹುಡುಕಿ ಕೇಳುತ್ತಾರೆ.

ಸೆಪ್ಟೆಂಬರ್‌ನಲ್ಲಿ ಬಂದಿಳಿದಿರುತ್ತಾರೆ. ಕೋರ್ಸ್ ಒಂದೇ ವರ್ಷದ್ದು. ಮನೆ ಹುಡುಕಿ, ಬ್ಯಾಂಕ್ ಅಕೌಂಟ್ ತೆರೆದು, ವಾರಕ್ಕೆ 20 ಗಂಟೆ ಮೀರದ ಹಾಗೆ ಒಂದು ಪಾರ್ಟ್ ಟೈಮ್ ಕೆಲಸ ಹಿಡಿದು, ಚಳಿಗೆ ಹೊಂದಿಕೊಳ್ಳುವಷ್ಟರಲ್ಲಿ ಮೊದಲ ಅಸೈನ್‌ಮೆಂಟಿನ ಡೆಡ್‌ಲೈನ್ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಮೂರು ಸಾವಿರ ಪದ ಬರೆಯಬೇಕು, ನಿಮ್ಮ ಸ್ವಂತ ಮಾತಿನಲ್ಲಿ ಬರೆಯಬೇಕು, ಆದರೆ ಹೇಳಿದ ಪ್ರತಿಯೊಂದಕ್ಕೂ ಯಾರು ಹೇಳಿದ್ದು ಅಂತ ಆಧಾರ ಕೊಡಬೇಕು. ಇದನ್ನು ಅವರು ಜೀವನದಲ್ಲಿ ಮೊದಲ ಸಲ ಕೇಳುತ್ತಿರುತ್ತಾರೆ.

ಇವರು ಕದ್ದು ಬರೆದು ಸಿಕ್ಕಿಬೀಳೋದು ಯಾಕೆ ಅನ್ನೋದಕ್ಕೆ ಇಲ್ಲಿನ ಸ್ಟಾಫ್ ರೂಮಿನಲ್ಲಿ ಒಂದು ರೆಡಿಮೇಡ್ ಉತ್ತರ ಇದೆ. ಪಾಪ, ಅವರ ಸಂಸ್ಕೃತಿಯೇ ಹಾಗೆ. ಏಷ್ಯಾದಲ್ಲಿ ಗುರು ಹೇಳಿದ್ದನ್ನು ಒಪ್ಪಿಸೋದೇ ವಿದ್ಯೆ, ಇನ್ನೊಬ್ಬರ ಮಾತು ಎತ್ತಿಕೊಂಡರೆ ಅದು ಗೌರವ, ತಪ್ಪು ಅಂತ ಅವರಿಗೆ ಅನ್ನಿಸೋದೇ ಇಲ್ಲ. ಕೇಳೋಕೆ ಕರುಣೆಯ ಮಾತೇ. ನನಗೆ ಮಾತ್ರ ಮೈ ಉರಿಯುತ್ತದೆ. ಇನ್ನೂ ಬೇಜಾರಿನ ವಿಷಯ ಅಂದರೆ ಸಿಕ್ಕಿಬಿದ್ದ ನಮ್ಮ ಹುಡುಗರೂ ಇದನ್ನೇ ಕಲಿತು ವಿಚಾರಣೆಯ ಪ್ಯಾನೆಲ್ ಮುಂದೆ ಹೇಳುತ್ತಾರೆ. "ನಮ್ಮ ಕಡೆ ಹೀಗೇ ಮೇಡಂ."

ನಮ್ಮ ಕಡೆ ಹೀಗೇ ಅಂತ ಯಾರು ಹೇಳಿದರು? ಬಾಣಭಟ್ಟ ಏಳನೇ ಶತಮಾನದವನು. ಹರ್ಷಚರಿತದ ಶುರುವಿನಲ್ಲೇ ಅವನು ಕವಿಚೋರರನ್ನು ಹಿಡಿದು ಬೈಯುತ್ತಾನೆ. ಬೇರೆಯವರ ಅಕ್ಷರಗಳನ್ನು ಅದಲುಬದಲು ಮಾಡಿ, ಗುರುತು ಸಿಗದ ಹಾಗೆ ಮುಚ್ಚಿಟ್ಟು ಬರೆಯುವವನು, ಯಾರೂ ಬಾಯಿಬಿಟ್ಟು ಹೇಳದಿದ್ದರೂ ತಿಳಿದವರ ನಡುವೆ ಕಳ್ಳ ಅಂತ ಗೊತ್ತಾಗಿಬಿಡುತ್ತಾನೆ ಅನ್ನೋದು ಅವನ ಮಾತಿನ ಸಾರ. ಅದಾಗಿ ಮುನ್ನೂರು ವರ್ಷದೊಳಗೆ ರಾಜಶೇಖರ ತನ್ನ ಕಾವ್ಯಮೀಮಾಂಸೆಯಲ್ಲಿ ಪದ ಕದಿಯೋದು ಬೇರೆ, ಅರ್ಥ ಕದಿಯೋದು ಬೇರೆ ಅಂತ ವಿಂಗಡಿಸಿ ಅಧ್ಯಾಯಗಳನ್ನೇ ಬರೆದಿಟ್ಟಿದ್ದಾನೆ. ಆಸಾಮಿ ತಮಾಷೆಯವನು. ಕಳ್ಳನಲ್ಲದ ಕವಿಯೂ ಇಲ್ಲ, ಕಳ್ಳನಲ್ಲದ ವ್ಯಾಪಾರಿಯೂ ಇಲ್ಲ, ಮುಚ್ಚಿಡೋದು ಬಲ್ಲವನು ಬೈಸಿಕೊಳ್ಳದೆ ಮೆರೀತಾನೆ ಅಂತಲೂ ಹೇಳುತ್ತಾನೆ. ಕನ್ನಡಕ್ಕೇ ಬಂದರೆ ವಚನಕಾರರ ಅಂಕಿತ ನೋಡಿ, ದಾಸರ ಅಂಕಿತ ನೋಡಿ. ಹಾಡು ಬಾಯಿಂದ ಬಾಯಿಗೆ ಹೋಗುವಾಗಲೂ ಇದು ಯಾರದ್ದು ಅನ್ನೋದು ಹಾಡಿನೊಳಗೇ ಕೂತಿರಬೇಕು ಅಂತ ಬಗೆದ ಜನ ನಾವು. ಕದಿಯೋದು ತಪ್ಪು ಅಂತ ಗೊತ್ತಿಲ್ಲದ ಸಂಸ್ಕೃತಿ ಅಂತೆ!

ಚೀನಾದವರ ಬಗ್ಗೆಯೂ ಇದೇ ಕಥೆ ಹೇಳುತ್ತಿದ್ದರು. 2005ರಲ್ಲಿ ಡಿಲಿನ್ ಲಿಯು ಅನ್ನೋ ಭಾಷಾ ವಿದ್ವಾಂಸರು ಇಂಗ್ಲಿಷ್ ಕಲಿಸುವವರ ಇಎಲ್‌ಟಿ ಜರ್ನಲ್‌ನಲ್ಲಿ ಇದಕ್ಕೆ ನೇರವಾಗಿ ಉತ್ತರ ಬರೆದರು. ಚೀನಾದಲ್ಲೂ ಇನ್ನೊಬ್ಬರ ಬರಹ ಕದಿಯೋದನ್ನು ಹಿಂದಿನಿಂದಲೂ ಕೆಟ್ಟದ್ದು ಅಂತಲೇ ನೋಡಿದ್ದಾರೆ, ಸಂಸ್ಕೃತಿಯ ಮೇಲೆ ಎಲ್ಲ ಹಾಕಬೇಡಿ ಅಂತ. ಆದರೂ ಆ ಮಾತು ಸಾಯಲಿಲ್ಲ. ಎಲ್ಲರಿಗೂ ಅನುಕೂಲದ ಮಾತು ಅದು, ಅದಕ್ಕೆ.

ಹಾಗಂತ ಯೂರೋಪಿನವರೇನು ಹಾಲಿನಲ್ಲಿ ಮುಖ ತೊಳೆದವರಾ? ಜರ್ಮನಿಯ ರಕ್ಷಣಾ ಮಂತ್ರಿ ಕಾರ್ಲ್ ಥಿಯೋಡೋರ್ ಗುಟೆನ್‌ಬರ್ಗ್ 2011ರಲ್ಲಿ ಕುರ್ಚಿ ಬಿಟ್ಟದ್ದು ಪಿಎಚ್‌ಡಿ ಪ್ರಬಂಧದಲ್ಲಿ ಕದ್ದಿದ್ದಕ್ಕೆ. ಎರಡು ವರ್ಷದ ಮೇಲೆ ಅದೇ ದೇಶದ ಶಿಕ್ಷಣ ಮಂತ್ರಿಯ ಡಾಕ್ಟರೇಟೂ ಹೋಯಿತು, ಅದೇ ಕಾರಣಕ್ಕೆ. ಅವರನ್ನು ನೋಡಿ ಯಾರೂ 'ಜರ್ಮನ್ ಸಂಸ್ಕೃತಿಯೇ ಹಾಗೆ' ಅನ್ನಲಿಲ್ಲ.

ಆದರೆ ವ್ಯತ್ಯಾಸವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಅದು ಇರೋದು ಪರೀಕ್ಷೆಯಲ್ಲಿ.

ನಮ್ಮ ಎಸ್ಸೆಸ್ಸೆಲ್ಸಿ, ಪಿಯುಸಿ ಪೇಪರ್ ತಿದ್ದೋದು ಹೇಗೆ? ಸ್ಕೀಮ್ ಆಫ್ ವ್ಯಾಲ್ಯುಯೇಷನ್ ಅಂತ ಇರುತ್ತದೆ. ಇಂಥ ಪಾಯಿಂಟ್‌ಗೆ ಒಂದು ಮಾರ್ಕು, ಇಂಥ ಡೆಫಿನಿಷನ್‌ಗೆ ಎರಡು ಮಾರ್ಕು. ಡೆಫಿನಿಷನ್ ಅಂದರೆ ಟೆಕ್ಸ್ಟ್‌ಬುಕ್‌ನಲ್ಲಿ ಇರೋ ಹಾಗೇ. ಸ್ವಂತ ಮಾತಿನಲ್ಲಿ ಬರೆದರೆ ತಿದ್ದುವವರು ಒಪ್ಪುತ್ತಾರೋ ಇಲ್ಲವೋ, ಯಾಕೆ ರಿಸ್ಕ್? ಬೈಹಾರ್ಟ್ ಮಾಡಿದರೆ ಸೇಫು. ಹಾಗೆ ಒಪ್ಪಿಸಿದಾಗ ಅದರ ಕೆಳಗೆ ಪುಸ್ತಕದ ಹೆಸರು ಬರೀ ಅಂತ ಯಾವ ಮೇಷ್ಟರೂ ಹೇಳಿದ್ದಿಲ್ಲ, ಯಾಕೆಂದರೆ ಬರೆದವನಿಗೂ ಗೊತ್ತು, ತಿದ್ದುವವನಿಗೂ ಗೊತ್ತು, ಇದು ಪುಸ್ತಕದ್ದೇ ಅಂತ. ಅಲ್ಲಿ ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ. ಆಮೇಲೆ ಡಿಗ್ರಿಗೆ ಬಂದರೆ ಲ್ಯಾಬ್ ರೆಕಾರ್ಡು. ಸೀನಿಯರ್ ರೆಕಾರ್ಡ್ ಇಸ್ಕೊಂಡು ಬರೆಯೋದು ಎಲ್ಲರಿಗೂ ಗೊತ್ತಿರುವ ವಿಷಯ, ಸೈನ್ ಹಾಕುವ ಲೆಕ್ಚರರ್‌ಗೂ. ಅಲ್ಲಿ ಅಳೆಯೋದು ಅಕ್ಷರ ನೀಟಾಗಿದೆಯಾ, ಡಯಾಗ್ರಾಂ ಪೆನ್ಸಿಲ್‌ನಲ್ಲಿ ಬರೆದಿದ್ದಾರಾ, ಡೇಟ್‌ಗೆ ಸರಿಯಾಗಿ ಸಬ್‌ಮಿಟ್ ಮಾಡಿದ್ದಾರಾ ಅನ್ನೋದು. ಫೈನಲ್ ಇಯರ್‌ನಲ್ಲಿ ಪ್ರಾಜೆಕ್ಟ್ ಸೆಂಟರ್‌ಗಳು. 'ಐಟ್ರಿಪಲ್‌ಇ ಪ್ರಾಜೆಕ್ಟ್ಸ್' ಅಂತ ಬೋರ್ಡ್ ಹಾಕಿಕೊಂಡು ಬೆಂಗಳೂರಿನ ರಸ್ತೆ ಮೇಲೇ ಕೂತಿರುತ್ತವೆ. ಕೋಡೂ ಅವರೇ ಕೊಡುತ್ತಾರೆ, ರಿಪೋರ್ಟೂ ಅವರೇ ಕೊಡುತ್ತಾರೆ, ವೈವಾಕ್ಕೆ ಏನು ಹೇಳಬೇಕು ಅಂತಲೂ ಹೇಳಿಕೊಡುತ್ತಾರೆ. ಆ ರಿಪೋರ್ಟಿನ ಮೊದಲ ಪುಟದಲ್ಲೇ 'ಬೋನಾಫೈಡ್ ವರ್ಕ್', ಅಂದರೆ ಇವರದ್ದೇ ಸ್ವಂತ ಕೆಲಸ, ಅಂತ ಸರ್ಟಿಫಿಕೇಟು, ಅದಕ್ಕೆ ಎಚ್‌ಒಡಿ ಸಹಿ.

ಹಾಗಾಗಿ ಹುಡುಗರಿಗೆ ಗೊತ್ತಿಲ್ಲ ಅನ್ನೋದು ಅರ್ಧ ಸತ್ಯ. ಪ್ರಾಜೆಕ್ಟ್ ಕೊಂಡುಕೊಂಡವನಿಗೆ ತಾನು ಏನು ಮಾಡಿದೆ ಅಂತ ಚೆನ್ನಾಗಿ ಗೊತ್ತು. ಪುಸ್ತಕದ ಸಾಲನ್ನು ಹಾಗೇ ಒಪ್ಪಿಸಿದವನಿಗೆ ನಿಜವಾಗಿಯೂ ಗೊತ್ತಿಲ್ಲ, ಯಾಕೆಂದರೆ ಹದಿನೈದು ವರ್ಷ ಅದಕ್ಕೇ ಬೆನ್ನು ತಟ್ಟಿದ್ದಾರೆ. ಇಲ್ಲಿಗೆ ಬಂದಾಗ ಇಬ್ಬರಿಗೂ ಬರೋದು ಒಂದೇ ಲೆಟರ್. ಇಬ್ಬರಿಗೂ ಅಂಟಿಸೋದು ಒಂದೇ 'ಸಂಸ್ಕೃತಿ' ಚೀಟಿ.

ಇನ್ನೊಂದು ತೊಡಕು ಪರ್ಸೆಂಟ್‌ದು. ಯುಜಿಸಿ 2018ರಲ್ಲಿ ಕೃತಿಚೌರ್ಯದ ಬಗ್ಗೆ ನಿಯಮ ತಂದಿತು. ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡ ಇಲ್ಲ, 10ರಿಂದ 40 ಇದ್ದರೆ ತಿದ್ದಿ ಮತ್ತೆ ಕೊಡಬೇಕು, 40ರಿಂದ 60 ಇದ್ದರೆ ಒಂದು ವರ್ಷ ಕೊಡುವ ಹಾಗಿಲ್ಲ, 60 ದಾಟಿದರೆ ರಿಜಿಸ್ಟ್ರೇಷನ್ನೇ ರದ್ದು. ಅದು ಥೀಸಿಸ್‌ಗಳಿಗೆ ಅಂತ ಮಾಡಿದ್ದು, ಆದರೆ ನಮ್ಮ ಹುಡುಗರ ತಲೆಯಲ್ಲಿ ಕೂತಿರೋದು ಒಂದೇ: ಹತ್ತರ ಒಳಗೆ ಬಂದರೆ ಪಾಸ್. ಇಲ್ಲಿ ಹಾಗಿಲ್ಲ. ಟರ್ನಿಟಿನ್ ತೋರಿಸೋದು ನಿಮ್ಮ ಬರಹದಲ್ಲಿ ಎಷ್ಟು ಭಾಗ ಬೇರೆ ಕಡೆ ಇರೋದಕ್ಕೆ ಹೊಂದುತ್ತದೆ ಅಂತ ಅಷ್ಟೇ. ಕೊನೆಯ ರೆಫರೆನ್ಸ್ ಪಟ್ಟಿ, ಕವರ್ ಶೀಟು, ಪ್ರಶ್ನೆಯ ಸಾಲು, ಎಲ್ಲ ಸೇರಿಸಿ 30 ಬರಬಹುದು, ಅದರಲ್ಲಿ ಒಂದೂ ತಪ್ಪು ಇಲ್ಲದಿರಬಹುದು. 6 ಪರ್ಸೆಂಟ್ ಬಂದು, ಆ ಆರೂ ಒಂದೇ ಕಡೆಯಿಂದ ಎತ್ತಿದ ಒಂದೇ ಪ್ಯಾರಾ ಆಗಿದ್ದರೆ ಲೆಟರ್ ಗ್ಯಾರಂಟಿ. ತೀರ್ಮಾನ ಮಾಡೋದು ಓದುವ ಮೇಷ್ಟರು.

ನಂಬರ್ ಇಳಿಸೋದೇ ಗುರಿ ಅಂತ ಆದಾಗ ಹುಡುಗರು ಏನು ಮಾಡುತ್ತಾರೆ? ಪದ ಬದಲಿಸುತ್ತಾರೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗಲ್ಲ ಅಂತ ನಾನು ಕನ್ನಡದಲ್ಲೇ ಉದಾಹರಣೆ ಬರೆದು ತೋರಿಸುತ್ತೇನೆ. ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳಿ: 'ನಗರದ ಕೆರೆಗಳು ಒತ್ತುವರಿಯಿಂದ ಕುಗ್ಗಿರುವುದರಿಂದ ಮಳೆನೀರು ಹರಿಯಲು ದಾರಿಯಿಲ್ಲದೆ ತಗ್ಗು ಪ್ರದೇಶಗಳು ಮುಳುಗುತ್ತವೆ.' ಹುಡುಗ ಬರೆಯೋದು ಹೀಗೆ: 'ಪಟ್ಟಣದ ಕೆರೆಗಳು ಅತಿಕ್ರಮಣದಿಂದ ಚಿಕ್ಕದಾಗಿರುವುದರಿಂದ ಮಳೆಯ ನೀರು ಸಾಗಲು ಹಾದಿಯಿಲ್ಲದೆ ಕೆಳಮಟ್ಟದ ಜಾಗಗಳು ಮುಳುಗುತ್ತವೆ.' ಹಳೇ ಸೀರೆಗೆ ಹೊಸ ಫಾಲ್ ಹೊಲಿದ ಹಾಗೆ. ಪದ ಹೆಚ್ಚುಕಡಿಮೆ ಎಲ್ಲ ಬೇರೆ, ವಾಕ್ಯದ ಮೂಳೆ ಅದೇ. ಅವನ ಪ್ರಕಾರ ಅವನು ಕಷ್ಟಪಟ್ಟಿದ್ದಾನೆ, ಡಿಕ್ಷನರಿ ನೋಡಿದ್ದಾನೆ, ಇದು ತನ್ನ ಸ್ವಂತದ್ದು. ಇಲ್ಲಿನ ಲೆಕ್ಕದಲ್ಲಿ ಇದು ಕಳ್ಳತನ. ಬಾಣ ಬೈದದ್ದೂ ಇದನ್ನೇ ಅಲ್ವಾ?

ಅಮೆರಿಕದ ರೆಬೆಕಾ ಮೂರ್ ಹೋವರ್ಡ್ ಅನ್ನೋ ಪ್ರೊಫೆಸರ್ ತೊಂಬತ್ತರ ದಶಕದಲ್ಲಿ ಇದಕ್ಕೆ ಪ್ಯಾಚ್‌ರೈಟಿಂಗ್ ಅಂತ ಹೆಸರಿಟ್ಟರು. ಹೊಸ ವಿಷಯ, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಕಲಿಯುವವರು ಎಲ್ಲರೂ ಈ ಹಂತ ದಾಟಿಯೇ ಬರುತ್ತಾರೆ, ಇದನ್ನು ಕಲಿಕೆಯ ಒಂದು ಮೆಟ್ಟಿಲು ಅಂತ ನೋಡಿ, ಅಪರಾಧ ಅಂತ ನೋಡಬೇಡಿ ಅನ್ನೋದು ಅವರ ವಾದ. ನಾನು ದಿನಾ ನೋಡೋದರಿಂದ ಹೇಳುತ್ತೇನೆ, ಅವರು ಹೇಳಿದ್ದು ನಿಜ. ಮೂಲ ಪೂರ್ತಿ ಅರ್ಥವಾಗದಿದ್ದಾಗ ವಾಕ್ಯ ಬಿಚ್ಚಲು ಭಯವಾಗುತ್ತದೆ. ಬಿಚ್ಚಿದರೆ ಮತ್ತೆ ಕಟ್ಟಲು ಬರಬೇಕಲ್ಲ.

'ಪೀಠಿಕೆ ತಾನೆ, ಹಿನ್ನೆಲೆ ತಾನೆ, ಅದೇನು ಯಾರಪ್ಪನ ಆಸ್ತಿ' ಅನ್ನೋ ಧೋರಣೆ ಬರೀ ಹುಡುಗರದ್ದಲ್ಲ. 2011ರಲ್ಲಿ ಬೆಂಗಳೂರಿನ ಐಐಎಸ್‌ಸಿಯವರ ಒಂದು ಪ್ರಬಂಧ ಅಡ್ವಾನ್ಸ್ಡ್ ಮೆಟೀರಿಯಲ್ಸ್ ಪತ್ರಿಕೆಯಲ್ಲಿ ಬಂತು. ಸಿ.ಎನ್.ಆರ್. ರಾವ್ ಅವರೂ ಲೇಖಕರಲ್ಲಿ ಒಬ್ಬರು. ಅದರ ಪೀಠಿಕೆಯಲ್ಲಿ ಬೇರೆ ಪ್ರಬಂಧದ ಕೆಲವು ಸಾಲುಗಳು ಇದ್ದವು ಅಂತ ತಿಳಿದು, ಲೇಖಕರು ಅದೇ ಪತ್ರಿಕೆಯಲ್ಲಿ ಕ್ಷಮೆ ಕೇಳಿದರು. ಪ್ರಯೋಗ ಅವರದ್ದೇ, ಫಲಿತಾಂಶ ಅವರದ್ದೇ. ಆದ್ದರಿಂದ ಇದು ಅಷ್ಟು ದೊಡ್ಡ ವಿಷಯವಾ ಅಂತ ಆಗ ತುಂಬ ಚರ್ಚೆ ಆಯಿತು. ನನ್ನ ಎದುರು ಕೂರುವ ಹುಡುಗರೂ ಇದೇ ಪ್ರಶ್ನೆ ಕೇಳುತ್ತಾರೆ, ಆ ಸುದ್ದಿ ಗೊತ್ತಿಲ್ಲದೆಯೇ.

ಪದ ಬದಲಿಸೋಕೆ ಈಗ ಮಷೀನ್‌ಗಳಿವೆ. ಅದರಿಂದ ಆಗುವ ಅವಾಂತರ ಹೇಳದೆ ಮುಂದೆ ಹೋಗಲಾರೆ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಜೊತೆಯವರು ಪ್ರಕಟವಾದ ವಿಜ್ಞಾನ ಪ್ರಬಂಧಗಳಲ್ಲೇ ಇಂಥವನ್ನು ಹುಡುಕಿ ತೆಗೆದರು. 'ಆರ್ಟಿಫಿಷಿಯಲ್ ಇಂಟೆಲಿಜೆನ್ಸ್' ಹೋಗಿ 'ಕೌಂಟರ್‌ಫಿಟ್ ಕಾನ್ಷಸ್‌ನೆಸ್' (ಖೋಟಾ ಪ್ರಜ್ಞೆ) ಆಗಿದೆ. 'ಬ್ರೆಸ್ಟ್ ಕ್ಯಾನ್ಸರ್' ಹೋಗಿ 'ಬುಜಮ್ ಪೆರಿಲ್' (ಎದೆಯ ಗಂಡಾಂತರ) ಆಗಿದೆ. ನಗು ಬರುತ್ತದೆ, ಆದರೆ ಇಂಥದ್ದನ್ನು ಅಸೈನ್‌ಮೆಂಟ್‌ನಲ್ಲಿ ನೋಡಿದಾಗ ಬರೆದವನು ತನ್ನ ಬರಹವನ್ನು ತಾನೇ ಒಂದು ಸಲವೂ ಓದಿಲ್ಲ ಅಂತ ಗೊತ್ತಾಗುತ್ತದಲ್ಲ, ಅದಕ್ಕೆ ಜಾಸ್ತಿ ಬೇಜಾರು.

ನಾನು ಹೇಳಿಕೊಡುವ ಉಪಾಯ ಸುಲಭ, ಆದರೆ ಯಾರಿಗೂ ಮೊದಲು ನಂಬಿಕೆ ಬರಲ್ಲ. ಪೇಪರ್ ಓದಿ. ಲ್ಯಾಪ್‌ಟಾಪ್ ಮುಚ್ಚಿ. ಅದರಲ್ಲಿ ಏನಿದೆ ಅಂತ ಅಮ್ಮನಿಗೆ ಫೋನಿನಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಹೇಳಿ, ನಾಲ್ಕು ಸಾಲು ಕನ್ನಡದಲ್ಲೇ ಬರೆದುಕೊಳ್ಳಿ. ಆ ಕನ್ನಡ ನೋಡಿಕೊಂಡು ಇಂಗ್ಲಿಷ್‌ನಲ್ಲಿ ಬರೆಯಿರಿ. ಆಮೇಲೆ ಮೂಲ ತೆರೆದು ತಪ್ಪು ಹೇಳಿಲ್ಲ ತಾನೆ ಅಂತ ನೋಡಿ, ಹೆಸರು, ವರ್ಷ ಹಾಕಿ. ಕನ್ನಡದ ಮೂಲಕ ಹಾದು ಬಂದ ವಾಕ್ಯಕ್ಕೆ ಇಂಗ್ಲಿಷ್ ಮೂಲದ ಮೂಳೆ ಉಳಿಯೋದೇ ಇಲ್ಲ. ಇಂಗ್ಲಿಷ್ ಸ್ವಲ್ಪ ಒರಟಾಗಿರುತ್ತದೆ, ಇರಲಿ. ಒರಟು ಇಂಗ್ಲಿಷ್‌ಗೆ ಎರಡು ಮಾರ್ಕ್ ಹೋಗಬಹುದು, ಲೆಟರ್ ಬರಲ್ಲ.

ಇಷ್ಟಾದರೂ ನಮ್ಮವರು ಜಾಸ್ತಿ ಸಿಕ್ಕಿಬೀಳೋದು ನಾನು ನೋಡಿದ ಹಾಗೆ ಪುಸ್ತಕದಿಂದ ಕದ್ದು ಅಲ್ಲ, ಫ್ರೆಂಡ್‌ಗೆ ಕೊಟ್ಟು. ಇಲ್ಲಿ ಅದಕ್ಕೆ ಕೊಲ್ಯೂಷನ್ ಅನ್ನುತ್ತಾರೆ. ಒಂದೇ ಫ್ಲಾಟಿನಲ್ಲಿ ನಾಲ್ವರು, ನಾಲ್ವರದ್ದೂ ಒಂದೇ ಕೋರ್ಸ್. ಒಬ್ಬ ಚೆನ್ನಾಗಿ ಓದುವವನು. ಡೆಡ್‌ಲೈನ್ ಹಿಂದಿನ ರಾತ್ರಿ, ಶಿಫ್ಟ್ ಮುಗಿಸಿ ಬಂದವನು "ಮಗಾ, ಸುಮ್ನೆ ಫಾರ್ಮ್ಯಾಟ್ ನೋಡ್ಕೊಂಡು ಕೊಡ್ತೀನಿ ಕಳಿಸೋ" ಅನ್ನುತ್ತಾನೆ. ಕಳಿಸದೆ ಇರೋದು ಹೇಗೆ? ಏರ್‌ಪೋರ್ಟಿಗೆ ಬಂದು ಕರೆದುಕೊಂಡು ಹೋದವನು ಅವನು, ಜ್ವರ ಬಂದಾಗ ಗಂಜಿ ಮಾಡಿಕೊಟ್ಟವನು. ಕೊಡಲ್ಲ ಅಂದರೆ ಅವನ ಮುಂದೆ ನಾಳೆ ಒಂದೇ ಅಡುಗೆಮನೆಯಲ್ಲಿ ನಿಲ್ಲಬೇಕು. ಕಳಿಸುತ್ತಾನೆ. ಟರ್ನಿಟಿನ್‌ನಲ್ಲಿ ಇಬ್ಬರದ್ದೂ ಕೆಂಪಾಗುತ್ತದೆ. ಲೆಟರ್ ಇಬ್ಬರಿಗೂ ಬರುತ್ತದೆ, ಕೊಟ್ಟವನಿಗೂ. ಬೇರೆ ಊರಿನ ಯೂನಿವರ್ಸಿಟಿಯಲ್ಲಿ ಓದುವ ಕಸಿನ್‌ಗೆ ಕಳಿಸಿದರೂ ಅಷ್ಟೇ, ಅಲ್ಲಿ ಕೊಟ್ಟ ಅಸೈನ್‌ಮೆಂಟ್‌ಗಳೂ ಟರ್ನಿಟಿನ್ ಡೇಟಾಬೇಸ್‌ನಲ್ಲಿ ಕೂತಿರುತ್ತವೆ.

ಇದು ನನಗೆ ಎಲ್ಲಕ್ಕಿಂತ ಕಷ್ಟದ ಜಾಗ. ಕೃತಿಚೌರ್ಯದ ವಿಷಯದಲ್ಲಿ ಸಂಸ್ಕೃತಿಯ ವಾದ ಒಪ್ಪದ ನಾನು ಇಲ್ಲಿ ಮಾತ್ರ ಸ್ವಲ್ಪ ತಡೆಯುತ್ತೇನೆ. ಕೇಳಿದವನಿಗೆ ಇಲ್ಲ ಅನ್ನಬಾರದು ಅಂತ ನಮ್ಮನ್ನು ಬೆಳೆಸಿರೋದು ನಿಜ. ಊರು ಬಿಟ್ಟು ಬಂದ ಮೇಲೆ ಅದೇ ನಮ್ಮನ್ನು ಬದುಕಿಸೋದೂ ನಿಜ. ಆದರೂ ಇದು ಬರೀ ನಮ್ಮದಲ್ಲ. 2012ರಲ್ಲಿ ಹಾರ್ವರ್ಡ್‌ನಲ್ಲಿ ಅಮೆರಿಕದ ಕಾಂಗ್ರೆಸ್ ಬಗೆಗಿನ ಒಂದು ಕೋರ್ಸ್‌ನ ಮನೆಯಲ್ಲಿ ಬರೆಯುವ ಪರೀಕ್ಷೆಯಲ್ಲಿ ಸುಮಾರು 125 ವಿದ್ಯಾರ್ಥಿಗಳ ಉತ್ತರಗಳು ಒಂದನ್ನೊಂದು ಹೋಲುತ್ತಿವೆ ಅಂತ ತನಿಖೆ ಆಯಿತು. ಚರ್ಚೆ ಮಾಡಬಹುದು ಅಂದುಕೊಂಡಿದ್ದೆವು, ನೋಟ್ಸ್ ಹಂಚಿಕೊಳ್ಳೋದು ಮಾಮೂಲಿ ಅಂತ ಅವರಲ್ಲಿ ಹಲವರು ಹೇಳಿದರು. ನಮ್ಮ ಫ್ಲಾಟಿನ ಹುಡುಗರು ಹೇಳೋದೂ ಇದನ್ನೇ. ನಾನು ಈಗ ಕೊಡುವ ಸಲಹೆ: ಫೈಲ್ ಕಳಿಸಬೇಡಿ, ಪಕ್ಕದಲ್ಲಿ ಕೂತು ಒಂದು ಗಂಟೆ ಹೇಳಿಕೊಡಿ. ಸಹಾಯವೂ ಆಯಿತು, ನಾಳೆ ಅಡುಗೆಮನೆಯಲ್ಲಿ ಮುಖ ಕೊಟ್ಟು ಮಾತಾಡಲೂಬಹುದು.

ದುಡ್ಡು ಕೊಟ್ಟು ಬರೆಸೋದರ ಬಗ್ಗೆ ನನಗೆ ಕರುಣೆ ಕಡಿಮೆ. ಆಸ್ಟ್ರೇಲಿಯಾದಲ್ಲಿ 2014ರಲ್ಲಿ ಮೈಮಾಸ್ಟರ್ ಅನ್ನೋ ವೆಬ್‌ಸೈಟ್ ಹಗರಣ ಆಯಿತು. ಚೀನೀ ಭಾಷೆಯಲ್ಲಿ ಜಾಹೀರಾತು ಹಾಕಿ ಹೊರದೇಶದ ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಮಾರುತ್ತಿದ್ದರು. ಆ ದೇಶ 2020ರಲ್ಲಿ ಕಾನೂನು ಮಾಡಿ ಇಂಥ ಸೇವೆ ಮಾರುವವರಿಗೆ ಎರಡು ವರ್ಷದವರೆಗೆ ಜೈಲು ಅಂತ ಇಟ್ಟಿತು. ಇಂಗ್ಲೆಂಡಿನಲ್ಲಿ 2022ರ ಕಾನೂನಿನಿಂದ ಅದು ಅಪರಾಧ. ಆದರೂ ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಬರೋದು ನಿಂತಿಲ್ಲ. ಇಲ್ಲಿ ಕಾನೂನು ಹಿಡಿಯೋದು ಮಾರುವವನನ್ನು, ಕೊಂಡವನನ್ನು ಹಿಡಿಯೋದು ಯೂನಿವರ್ಸಿಟಿ, ಆದರೆ ಮಾರುವವನು ಇನ್ನೆಲ್ಲೋ ಇರುತ್ತಾನೆ. ಕೆಲವರು ಮೊದಲು ಬರೆದುಕೊಟ್ಟು ಆಮೇಲೆ 'ಇನ್ನಷ್ಟು ಕೊಡು, ಇಲ್ಲದಿದ್ದರೆ ಯೂನಿವರ್ಸಿಟಿಗೆ ಹೇಳ್ತೀನಿ' ಅಂತ ಹೆದರಿಸುತ್ತಾರೆ. ಅಂದ ಹಾಗೆ, ನೈರೋಬಿಯಲ್ಲಿ ಡಿಗ್ರಿ ಮುಗಿಸಿ ಕೆಲಸ ಸಿಗದ ಯುವಕರು ಅಮೆರಿಕ, ಬ್ರಿಟನ್ನಿನ ವಿದ್ಯಾರ್ಥಿಗಳಿಗೆ ಅಸೈನ್‌ಮೆಂಟ್ ಬರೆದುಕೊಟ್ಟು ಜೀವನ ಮಾಡುತ್ತಾರೆ. ಅಲ್ಲಿ ಯಾರ ಸಂಸ್ಕೃತಿಯನ್ನು ಬೈಯೋಣ?

ಎಐ ಬಂದ ಮೇಲೆ ಇನ್ನೊಂದು ಗೋಳು. ಸ್ಟ್ಯಾನ್‌ಫರ್ಡ್‌ನವರು 2023ರಲ್ಲಿ ಏಳು ಎಐ ಪತ್ತೆ ಸಾಫ್ಟ್‌ವೇರ್‌ಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನೋ ಇಂಗ್ಲಿಷ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಕೊಟ್ಟರೆ, ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಮಷೀನ್ ಬರೆದದ್ದು ಅಂದವು. ಸರಳ ಪದ, ಊಹಿಸಬಹುದಾದ ವಾಕ್ಯ ಇದ್ದರೆ ಅನುಮಾನ. ಅಂದರೆ ಒರಟಾಗಿ ಬರೆಯಿರಿ ಅಂತ ಹೇಳುವ ನಾನು ಈಗ ಸ್ವಲ್ಪ ಯೋಚಿಸಿ ಹೇಳಬೇಕು.

ಇಷ್ಟೆಲ್ಲದರ ನಡುವೆ ಯೂನಿವರ್ಸಿಟಿಗಳು ಏನು ಮಾಡುತ್ತವೆ? ಇಲ್ಲಿನ ಹುಡುಗರಿಗಿಂತ ಜಾಸ್ತಿ ಫೀಸು ತೆಗೆದುಕೊಂಡು, ಬಂದ ವಾರ ಒಂದು ಆನ್‌ಲೈನ್ ಮಾಡ್ಯೂಲ್ ಕೊಡುತ್ತವೆ. ಒಂದಷ್ಟು ಸ್ಲೈಡು, ಕೊನೆಗೆ ಕ್ವಿಜ್, 'ನಾನು ಓದಿ ಅರ್ಥ ಮಾಡಿಕೊಂಡಿದ್ದೇನೆ' ಅಂತ ಟಿಕ್. ತಪ್ಪು ಮಾಡಿದಾಗ ಆ ಟಿಕ್ ತೋರಿಸುತ್ತಾರೆ. ಈಜು ಬಾರದವರಿಗೆ ನಿಯಮದ ಹಾಳೆ ಕೊಟ್ಟರೆ ಆಗುತ್ತಾ? ಮೊದಲ ಅಸೈನ್‌ಮೆಂಟ್‌ಗೆ ಮಾರ್ಕ್ಸ್ ಇಡಬೇಡಿ, ತಿದ್ದಿ ವಾಪಸ್ ಕೊಡಿ, ಎರಡನೆಯದರಿಂದ ಲೆಕ್ಕ ಹಿಡಿಯಿರಿ ಅಂತ ನಾನು ಕೇಳುತ್ತಲೇ ಇದ್ದೇನೆ. ಒಂದೇ ವರ್ಷದ ಕೋರ್ಸಿನಲ್ಲಿ ಅದಕ್ಕೆ ಟೈಮ್ ಇಲ್ಲವಂತೆ. ಪ್ಯಾನೆಲ್ ಕೂರಿಸೋಕೆ ಟೈಮ್ ಇದೆ. 'ಸಂಸ್ಕೃತಿ' ಅಂದುಬಿಟ್ಟರೆ ಕಲಿಸುವ ಜವಾಬ್ದಾರಿ ಯಾರ ತಲೆ ಮೇಲೂ ಬರಲ್ಲ, ಇಲ್ಲಿನವರದ್ದೂ ಇಲ್ಲ, ಹದಿನೈದು ವರ್ಷ ಬೈಹಾರ್ಟ್ ಮಾಡಿಸಿದ ಅಲ್ಲಿನವರದ್ದೂ ಇಲ್ಲ.

ಲೆಟರ್ ಈಗಾಗಲೇ ಬಂದಿದ್ದರೆ ಮೊದಲು ಗಾಬರಿ ಬಿಡಿ. ಮೊದಲ ಸಲದ, ಸಣ್ಣ ಪ್ರಮಾಣದ ಕೇಸುಗಳು ಸಾಮಾನ್ಯವಾಗಿ ಎಚ್ಚರಿಕೆ ಕೊಡೋದರಲ್ಲಿ, ಮಾರ್ಕ್ಸ್ ಕಡಿಮೆ ಮಾಡೋದರಲ್ಲಿ ಅಥವಾ ಪಾಸ್ ಮಾರ್ಕಿಗೆ ಮಿತಿಗೊಳಿಸಿ ಮತ್ತೆ ಬರೆಸೋದರಲ್ಲಿ ಮುಗಿಯುತ್ತವೆ. ವೀಸಾಕ್ಕೆ ಕುತ್ತು ಬರೋದು ಕೋರ್ಸಿನಿಂದಲೇ ತೆಗೆದಾಗ, ಆಗ ಯೂನಿವರ್ಸಿಟಿ ವೀಸಾ ನೋಡಿಕೊಳ್ಳುವ ಸರ್ಕಾರಿ ಇಲಾಖೆಯಾದ ಹೋಮ್ ಆಫೀಸಿಗೆ ತಿಳಿಸಲೇಬೇಕು. ಸ್ಟೂಡೆಂಟ್ಸ್ ಯೂನಿಯನ್‌ನಲ್ಲಿ ಸಲಹೆಗಾರರಿರುತ್ತಾರೆ, ಪುಕ್ಕಟೆ, ಮೀಟಿಂಗ್‌ಗೆ ಜೊತೆಗೂ ಬರುತ್ತಾರೆ, ಅವರ ಹತ್ತಿರ ಮೊದಲು ಹೋಗಿ. 'ನಮ್ಮ ಕಡೆ ಹೀಗೇ' ಅನ್ನಬೇಡಿ. ಅದರಿಂದ ಏನೂ ಪ್ರಯೋಜನ ಇಲ್ಲ, ಮುಂದಿನ ವರ್ಷ ಬರುವವರ ಮೇಲೂ ಅನುಮಾನ ಕೂರಿಸಿ ಹೋಗುತ್ತೀರಿ. ಏನು ಮಾಡಿದಿರಿ, ಹೇಗೆ ಬರೆದಿರಿ ಅಂತ ನೇರವಾಗಿ ಹೇಳಿ. ಡ್ರಾಫ್ಟ್‌ಗಳು, ವರ್ಡ್ ಫೈಲಿನ ವರ್ಷನ್ ಹಿಸ್ಟರಿ, ಓದಿದ ಪೇಪರ್ ಮೇಲೆ ಗೀಚಿದ್ದು, ಎಲ್ಲ ತೆಗೆದುಕೊಂಡು ಹೋಗಿ. ಯೂನಿವರ್ಸಿಟಿಯ ಒಳಗಿನ ಅಪೀಲು ಎಲ್ಲ ಮುಗಿದರೂ ಅನ್ಯಾಯ ಆಗಿದೆ ಅನ್ನಿಸಿದರೆ ಇಂಗ್ಲೆಂಡ್, ವೇಲ್ಸ್‌ನಲ್ಲಿ ಓಐಎ ಅಂತ ಹೊರಗಿನ ಸಂಸ್ಥೆ ಇದೆ, ಅಲ್ಲಿಗೆ ದೂರು ಕೊಡಬಹುದು.

ಕಳೆದ ಚಳಿಗಾಲದಲ್ಲಿ, ಎಐ ಬರೆದದ್ದು ಅನ್ನೋ ಅನುಮಾನದ ಲೆಟರ್ ಬಂದಿದ್ದ ಒಬ್ಬಳು ಹುಡುಗಿ ಕೇಳಿದಳು, "ಅಕ್ಕ, ನಾನು ನೋಟ್ಸ್ ಎಲ್ಲ ಕನ್ನಡದಲ್ಲಿ ಬರ್ಕೊಂಡಿದೀನಿ, ಅದನ್ನ ತೋರಿಸಿದ್ರೆ ಒಪ್ತಾರಾ, ಅವರಿಗೆ ಓದೋಕೆ ಬರಲ್ವಲ್ಲ?" ತಗೊಂಡು ಹೋಗು, ಪಕ್ಕದಲ್ಲಿ ಇಂಗ್ಲಿಷ್‌ನಲ್ಲಿ ಒಂದೊಂದು ಸಾಲು ಬರೆದುಕೋ ಅಂದೆ. ಹೋದಳು. ಯಾವ ಪೇಪರಿನಿಂದ ಯಾವ ಪಾಯಿಂಟ್ ಬಂತು ಅಂತ ನೋಟ್‌ಬುಕ್ ತಿರುವಿ ಹಾಕಿ ತೋರಿಸಿದಳಂತೆ. ಎಐ ಅನುಮಾನ ಅಲ್ಲಿಗೆ ಬಿಟ್ಟರು, ರೆಫರೆನ್ಸ್ ಸರಿಯಾಗಿಲ್ಲ ಅಂತ ಐದು ಮಾರ್ಕ್ ಕಡಿಮೆ ಮಾಡಿದರು.